ಕಿವಿಯಣ್ಣ ಬರೆದ ನೂರ ಮೂವತ್ತೆಂಟು

ಬಸ್ ಡಿಪೋದ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿದ್ದ ಕಾಂಪೌಂಡರನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಸಂಬಳದ ಚೀಟಿ ಬಿಟ್ಟರೆ ಆ ಹೆಸರಿಗೆ ಬೇರೆಲ್ಲೂ ಕೆಲಸವಿರಲಿಲ್ಲ. ಡಿಪೋದವರಿಗೆಲ್ಲ ಅವನು ಕಿವಿಯಣ್ಣ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ಕನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, "ನಿನ್ನ ಗುಂಡಿಗೆಯಲ್ಲಿ ಒಂದು ಬಾಗಿಲು ಸರಿಯಾಗಿ ಮುಚ್ಚಿಕೊಳ್ತಿಲ್ಲ ಮಾರಾಯ, ಸುಯ್ ಅಂತ ಸದ್ದು ಬರ್ತಿದೆ, ದೊಡ್ಡಾಸ್ಪತ್ರೆಗೆ ಹೋಗು" ಅಂದಿದ್ದ. ದೊಡ್ಡಾಸ್ಪತ್ರೆಯವರೂ ಅದನ್ನೇ ಹೇಳಿ, ಕವಾಟ ರಿಪೇರಿ ಮಾಡಿ ಕಳಿಸಿದರು. ಅದಕ್ಕೆ ಮೊದಲು ಇಬ್ಬರು ಡಾಕ್ಟರು ನೋಡಿ ಏನಿಲ್ಲ ಹೋಗು ಅಂದಿದ್ದರಂತೆ. ಅವತ್ತು ಅಂಟಿಕೊಂಡ ಹೆಸರನ್ನು ಅವನು ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಓಡಾಡಿದ.

ಈಗ ಆ ಕಿವಿ ಹೋಗಿತ್ತು.

ಪೂರ್ತಿ ಹೋಗಿತ್ತೆಂದಲ್ಲ. ಬಸ್ಸಿನ ಹಾರ್ನ್ ಕೇಳುತ್ತಿತ್ತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿಕೊಂಡು ಮುಕ್ಕಾಲು ಪಾಲು ಹಿಡಿಯುತ್ತಿದ್ದ. ಉಳಿದ ಕಾಲು ಪಾಲಿಗೆ "ಹೂಂ" ಅನ್ನುತ್ತಿದ್ದ. ಹೂಂ ಅಂದರೆ ಯಾರೂ ಮತ್ತೆ ಕೇಳುವುದಿಲ್ಲ, ಹೇಳಿದವರಿಗೂ ಸಮಾಧಾನ. ಸಭ್ಯ ಮನುಷ್ಯ, ಎದುರು ಮಾತಾಡುವವನಲ್ಲ ಎಂಬ ಹೊಸ ಹೊಗಳಿಕೆಯೂ ಅದರಿಂದ ಅವನಿಗೆ ಬಂದಿತ್ತು. ಆದರೆ ಸ್ಟೆತಾಸ್ಕೋಪಿನ ಕೊಳವೆಯಲ್ಲಿ ಬರಬೇಕಾದ ಆ ಸಣ್ಣ ಟಪ್ ಟಪ್ ಸದ್ದು ಒಂದೂವರೆ ವರ್ಷದಿಂದ ಇರಲಿಲ್ಲ. ಮೊದಮೊದಲು ದೂರವಾಯಿತು, ಆಮೇಲೆ ಆಗಾಗ ಸಿಕ್ಕಿತು, ಆಮೇಲೆ ಇಲ್ಲವೇ ಇಲ್ಲ.

ಮನೆಯಲ್ಲಿ ಹೆಂಡತಿಗೆ ಸ್ವಲ್ಪ ಗೊತ್ತಿತ್ತು. "ಟಿವಿ ನಮಗೆ ಹಾಕಿದ್ದೀರೋ ಬೀದಿಗೆ ಹಾಕಿದ್ದೀರೋ" ಅನ್ನುತ್ತಿದ್ದಳು. ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ ಎಂದು ಒಂದೆರಡು ಸಲ ಹೇಳಿದ್ದಳು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಿವಿಯಣ್ಣ ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡು ಡಿಪೋ ಗೇಟಿನೊಳಗೆ ಕಾಲಿಟ್ಟರೆ ಆ ನಲವತ್ತೆರಡು ಡ್ರೈವರುಗಳು ಒಂದು ವಾರ ನಗುತ್ತಾರೆ, ಎರಡನೇ ವಾರ ಮ್ಯಾನೇಜರು ಕರೆಯುತ್ತಾರೆ. ನಿವೃತ್ತಿಗೆ ಇನ್ನೆರಡು ವರ್ಷ. ಎರಡು ವರ್ಷ ಹೇಗೋ ದೂಡಿದರೆ ಆಯಿತು ಎಂಬುದು ಅವನ ಲೆಕ್ಕಾಚಾರ.

ದೂಡುವುದಕ್ಕೆ ಅವನದೇ ಒಂದು ಉಪಾಯ ಇತ್ತು. ಅದು ತಿಳಿಯಬೇಕಾದರೆ ಅವನ ಪಾಠವನ್ನು ಒಮ್ಮೆ ಕೇಳಬೇಕು. ವರ್ಷಕ್ಕೆರಡು ಸಲ ಹೊಸ ಡ್ರೈವರು ಕಂಡಕ್ಟರುಗಳನ್ನು ಬಸ್ ತೊಳೆಯುವ ಅಂಗಳಕ್ಕೆ ಕರೆದುಕೊಂಡು ಹೋಗಿ, ರಬ್ಬರ್ ಪೈಪನ್ನು ನೆಲದ ಮೇಲೆ ಹಾಸಿ, ನಲ್ಲಿ ಬಿಟ್ಟು ಶುರುಮಾಡುತ್ತಿದ್ದ.

"ಗುಂಡಿಗೆ ಅಂದ್ರೆ ನಿಮ್ಮ ಮುಷ್ಟಿಯಷ್ಟು ಒಂದು ಪಂಪು. ನಾಲ್ಕು ಕೋಣೆ. ಮೈಯೆಲ್ಲ ಸುತ್ತಿ ಸುಸ್ತಾದ ರಕ್ತ ಬಲಗಡೆಗೆ ಬರುತ್ತೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಗಾಳಿ ತುಂಬಿಸ್ಕೊಂಡು ಎಡಗಡೆಗೆ ಬರುತ್ತೆ. ಎಡಗಡೆಯಿಂದ ಮತ್ತೆ ಎಲ್ಲ ರೂಟಿಗೂ ಹೊರಡುತ್ತೆ. ದಿನಕ್ಕೆ ಲಕ್ಷ ಟ್ರಿಪ್ಪು. ವಾರದ ರಜೆ ಇಲ್ಲ, ಯೂನಿಯನ್ ಇಲ್ಲ."

ಇಲ್ಲಿ ಎಲ್ಲರೂ ನಗುತ್ತಿದ್ದರು. ನಕ್ಕು ಮುಗಿಯುವ ತನಕ ಕಾಯುತ್ತಿದ್ದ.

"ಕೋಣೆ ಕೋಣೆಗೂ ಬಾಗಿಲು. ಮುಂದಕ್ಕೆ ಬಿಡುತ್ತೆ, ಹಿಂದಕ್ಕೆ ಬಿಡಲ್ಲ. ಎದೆಯಲ್ಲಿ ಲಬ್ ಡಬ್ ಅಂತ ಕೇಳೋದು ಆ ಬಾಗಿಲು ಮುಚ್ಚಿಕೊಳ್ಳೋ ಸದ್ದು. ತೋಳಿನ ಕತೆ ಬೇರೆ. ಇಲ್ಲಿ ನೋಡಿ." ಪೈಪನ್ನು ಬೂಟಿನಡಿ ಒತ್ತುತ್ತಿದ್ದ. "ಪೂರ್ತಿ ತುಳಿದೆ. ನೀರೂ ಇಲ್ಲ, ಸದ್ದೂ ಇಲ್ಲ. ಈಗ ಕಾಲು ಸ್ವಲ್ಪ ಸಡಿಲ ಮಾಡ್ತೀನಿ." ಪೈಪು ಬುಸುಗುಟ್ಟಿ ನಡುಗಿ ನೀರು ಚಿಮ್ಮುತ್ತಿತ್ತು. "ಪೂರ್ತಿ ಕಾಲು ತೆಗೆದೆ. ನೀರು ಹೋಗ್ತಿದೆ, ಸದ್ದಿಲ್ಲ. ಬಿಪಿ ನೋಡೋಕೆ ತೋಳಿಗೆ ಕಟ್ಟೋ ಪಟ್ಟಿ ಅಂದ್ರೆ ನನ್ನ ಬೂಟು ಅಂತ ತಿಳ್ಕೊಳ್ಳಿ. ಗಾಳಿ ತುಂಬಿ ರಕ್ತನಾಳವನ್ನ ಅದುಮ್ತೀನಿ, ಆಮೇಲೆ ಮೆಲ್ಲಗೆ ಬಿಡ್ತೀನಿ. ಗುಂಡಿಗೆ ದಬ್ಬೋ ಬಲ ನನ್ನ ಬಲವನ್ನ ಮೀರಿಸಿದ ಗಳಿಗೆ ರಕ್ತ ನುಗ್ಗುತ್ತೆ, ಟಪ್ ಅನ್ನುತ್ತೆ. ಅದು ಮೇಲಿನ ಅಂಕಿ. ಸದ್ದು ನಿಂತ ಜಾಗ ಕೆಳಗಿನ ಅಂಕಿ. ನಾಳ ಪೂರ್ತಿ ಮುಚ್ಚಿದ್ರೂ ಮೌನ, ಪೂರ್ತಿ ತೆರೆದ್ರೂ ಮೌನ. ಮಧ್ಯದ್ದು ಹಿಡಿಯೋಕೆ ಇದು ಬೇಕು."

ಇದು ಎನ್ನುವಾಗ ಕಿವಿಯನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದ. ಕಳೆದ ಮೂರು ಪಾಠಗಳಲ್ಲೂ ತಟ್ಟಿ ತೋರಿಸಿದ್ದ. ಕಿವುಡಾದ ಮೇಲೂ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಹೋದ ಮೇಲೆ ಅವನಿಗೆ ನಾಚಿಕೆಯಾಗುತ್ತಿತ್ತು.

ಉಪಾಯ ಇಷ್ಟೇ. ಗಾಳಿ ಇಳಿಸುವಾಗ ಡಯಲಿನ ಮುಳ್ಳು ನಾಡಿಯ ಜೊತೆ ಸಣ್ಣಗೆ ಕುಣಿಯುತ್ತದೆ. ಸದ್ದು ಬರುವುದಕ್ಕೂ ಸ್ವಲ್ಪ ಮೊದಲೇ ಕುಣಿಯಲು ಶುರು, ನಿಂತ ಮೇಲೂ ಒಂದಿಷ್ಟು ಕುಣಿತ. ಕಿವಿಯಣ್ಣ ಕುಣಿತ ಶುರುವಾದ ಅಂಕಿಯಿಂದ ಹತ್ತು ಕಳೆಯುತ್ತಿದ್ದ. ಆಮೇಲೆ ಡ್ರೈವರುಗಳ ತಿಂಗಳ ತಪಾಸಣೆಯ ರಿಜಿಸ್ಟರಿನಲ್ಲಿ ಹಿಂದಿನ ಸಲದ ಅಂಕಿಯನ್ನು ಕದ್ದು ನೋಡುತ್ತಿದ್ದ. ಎರಡೂ ಹತ್ತಿರ ಇದ್ದರೆ ಸರಿ. ಹತ್ತಿರ ಇಲ್ಲದಿದ್ದರೆ ಹಿಂದಿನ ತಿಂಗಳನ್ನೇ ನಂಬಿ, ಒಂದೆರಡು ಅಂಕಿ ಆಚೀಚೆ ಮಾಡಿ ಬರೆಯುತ್ತಿದ್ದ. ಹಿಂದಿನ ತಿಂಗಳದ್ದೂ ಹಾಗೇ ಬರೆದದ್ದು ಎಂಬುದನ್ನು ಯೋಚಿಸಲು ಹೋಗುತ್ತಿರಲಿಲ್ಲ. ಹಿಂದಿನದರ ಪಕ್ಕ ಕೂತ ಅಂಕಿಯನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ಇನ್ನೊಂದು ದಾರಿ ಇತ್ತು ಎಂಬುದೇ ಅವನ ನಾಚಿಕೆಯ ಬೇರು. ಮೇಲಿನ ಅಂಕಿ ತಿಳಿಯಲು ಕಿವಿಯೇ ಬೇಕೆಂದಿಲ್ಲ. ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಟ್ಟು ಗಾಳಿ ಇಳಿಸಿದರೆ, ನಾಡಿ ಮತ್ತೆ ಬೆರಳಿಗೆ ತಾಗಿದ ಗಳಿಗೆಯೇ ಆ ಅಂಕಿ. ತರಬೇತಿಯ ಮೊದಲ ವಾರವೇ ಕಲಿತದ್ದು. ಆದರೆ ಹಾಗೆ ನೋಡಿದರೆ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಮೇಜಿನ ಮೇಲಿಡಬೇಕು, ಸಾಲಿನಲ್ಲಿ ನಿಂತವರು "ಯಾಕೆ ಕಿವಿಯಣ್ಣ, ಇವತ್ತು ಕಿವಿಗೆ ರಜೆಯಾ" ಎಂದು ಕೇಳಬೇಕು. ಆ ಒಂದು ಮಾತಿಗೆ ಹೆದರಿ ಬೆರಳುಗಳನ್ನು ಸುಮ್ಮನೆ ಕೂರಿಸಿಬಿಟ್ಟಿದ್ದ.

ಹೀಗಿರುವಾಗ ಆ ತಿಂಗಳ ತಪಾಸಣೆಗೆ ಬಾವಮೈದ ಬಂದು ಕೂತ.

ಬಾವಮೈದ ಎಂದರೆ ಹೆಂಡತಿಯ ತಮ್ಮ, ಏಳನೇ ನಂಬರ್ ಬಸ್ಸಿನ ಡ್ರೈವರು. ದುಂಡು ಮೈ, ದೊಡ್ಡ ನಗು. ಮದುವೆಯ ಬಸ್ಸು ತಪ್ಪಿಸಿಕೊಂಡವನು ಎಂದು ತನ್ನನ್ನು ತಾನೇ ಹಾಸ್ಯ ಮಾಡಿಕೊಳ್ಳುತ್ತಿದ್ದ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ವಾಸ, ಅಕ್ಕನ ಮನೆಯಲ್ಲಿ ಊಟ, ಜೇಬಿನಲ್ಲಿ ಸದಾ ಉಪ್ಪು ಹಾಕಿ ಹುರಿದ ಕಡಲೆಬೀಜ.

ತೋಳು ಮೇಜಿನ ಮೇಲಿಟ್ಟು, "ಭಾವ, ಬೆಳಗ್ಗೆ ಎದ್ದ ತಕ್ಷಣ ತಲೆ ಹಿಂದೆ ಕಲ್ಲು ಹೊತ್ತ ಹಾಗೆ. ಅಕ್ಕನಿಗೆ ಹೇಳ್ದೆ. ಡಾಕ್ಟರ ಹತ್ರ ಹೋಗು ಅಂದ್ಲು. ಮನೇಲೇ ಭಾವ ಇರುವಾಗ ಡಾಕ್ಟರ್ ಯಾಕೆ ಅಂದೆ" ಎಂದ.

ಮುಖ ನೋಡಿಕೊಂಡಿದ್ದರಿಂದ ಇದಿಷ್ಟೂ ಕಿವಿಯಣ್ಣನಿಗೆ ತಿಳಿಯಿತು. ಪಟ್ಟಿ ಸುತ್ತಿದ, ಗಾಳಿ ತುಂಬುವ ರಬ್ಬರ್ ಬಲ್ಬು ಅಮುಕಿದ, ಕಣ್ಣು ಅರ್ಧ ಮುಚ್ಚಿ ಕೇಳುವವನ ಹಾಗೆ ತಲೆ ಓರೆ ಮಾಡಿದ. ಮುಳ್ಳು ಇಳಿಯುತ್ತ ಬಂದು ನೂರ ತೊಂಬತ್ತಾರರಲ್ಲೇ ಕುಣಿಯಿತು. ಸಣ್ಣ ಕುಣಿತವಲ್ಲ, ಒಂದೊಂದು ನಾಡಿಗೂ ಎಗರಿ ಎಗರಿ ಬೀಳುತ್ತಿತ್ತು.

ಹತ್ತು ಕಳೆದರೆ ನೂರ ಎಂಬತ್ತಾರು. ರಿಜಿಸ್ಟರಿನಲ್ಲಿ ಹಿಂದಿನ ತಿಂಗಳು ನೂರ ಮೂವತ್ತನಾಲ್ಕು. ಪಟ್ಟಿ ಸಡಿಲ ಕಟ್ಟಿದ್ದೀನೇನೋ ಅಂದುಕೊಂಡ. ಇವನು ಮೆಟ್ಟಿಲು ಓಡಿ ಹತ್ತಿ ಬಂದಿರಬೇಕು ಅಂದುಕೊಂಡ. ನೂರ ಎಂಬತ್ತಾರು ಎಂದು ಬರೆದರೆ ಇವನನ್ನು ಡ್ಯೂಟಿಯಿಂದ ಇಳಿಸಿ, ಡಿಪೋಗೆ ಮೂರು ತಿಂಗಳಿಗೊಮ್ಮೆ ಬರುವ ಡಾಕ್ಟರಮ್ಮನ ಹತ್ತಿರ ಕಳಿಸಬೇಕು, ಅವರು ನೋಡಿ ನೂರ ನಲವತ್ತು ಎಂದರೆ ಕಿವಿಯಣ್ಣನ ಕಿವಿಗೇನಾಯಿತು ಎಂದು ಇಡೀ ಡಿಪೋ ಕೇಳುತ್ತದೆ. ಹೊರಗೆ ಹನ್ನೊಂದು ಜನ ಸಾಲಿನಲ್ಲಿ ನಿಂತಿದ್ದರು. ಅವನು ನೂರ ಮೂವತ್ತೆಂಟು, ಎಂಬತ್ತೆಂಟು ಎಂದು ಬರೆದ. ಕೈ ನಡುಗಲಿಲ್ಲ. ಆಮೇಲೆ ನೆನೆದಾಗ ಅವನಿಗೆ ಹೆಚ್ಚು ಚುಚ್ಚಿದ್ದು ಅದೇ.

"ಸರಿ ಇದೆ. ಉಪ್ಪು ಸ್ವಲ್ಪ ಕಮ್ಮಿ ಮಾಡು."

"ಕಡಲೆಬೀಜ ಬಿಡು ಅಂತಿದ್ದೀರಿ. ಜೀವ ಬಿಡು ಅನ್ನಿ ಬೇಕಾದ್ರೆ" ಎಂದು ನಗುತ್ತ ಎದ್ದು ಹೋದ ಬಾವಮೈದ.

ಹನ್ನೊಂದನೇ ದಿನ ಮಧ್ಯಾಹ್ನ, ಮಾರುಕಟ್ಟೆಯ ಇಳಿಜಾರಿನಲ್ಲಿ, ಅವನ ಬಲಗೈ ಸ್ಟಿಯರಿಂಗ್ ಮೇಲಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಲಗಾಲೂ ಹೇಳಿದ ಮಾತು ಕೇಳಲಿಲ್ಲ. ಎಡಗಾಲನ್ನು ಎಳೆದು ತಂದು ಬ್ರೇಕ್ ಮೇಲಿಟ್ಟು ಇಡೀ ಮೈಭಾರ ಹಾಕಿದ, ಎಡಗೈಯಲ್ಲಿ ಹ್ಯಾಂಡ್ ಬ್ರೇಕ್ ಎಳೆದ. ಬಸ್ಸು ಒಂದು ಗೋಡೆಯನ್ನು ಸವರಿಕೊಂಡು ನಿಂತಿತು. ಒಳಗಿದ್ದವರಲ್ಲಿ ಯಾರಿಗೂ ಒಂದು ಗೀರೂ ಆಗಲಿಲ್ಲ. ಅವನು ಮಾತ್ರ ಸೀಟಿನಿಂದ ಓರೆಯಾಗಿ ಕುಸಿದಿದ್ದ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದಾಗ ಇನ್ನೂರ ಇಪ್ಪತ್ತು. ಇಷ್ಟು ಒತ್ತಡವನ್ನು ಎಷ್ಟೋ ತಿಂಗಳಿಂದ ತಡೆದುಕೊಂಡಿದ್ದ ಮೆದುಳಿನ ಒಂದು ಸಣ್ಣ ರಕ್ತನಾಳ ಒಡೆದಿದೆ, ಬಲಭಾಗಕ್ಕೆ ಲಕ್ವ ಹೊಡೆದಿದೆ, ಜೀವಕ್ಕೆ ಅಪಾಯವಿಲ್ಲ, ಕೈಕಾಲು ಎಷ್ಟು ವಾಪಸ್ ಬರುತ್ತದೆ ಎಂದು ಈಗಲೇ ಹೇಳಲಾಗದು ಎಂದರು.

ಸುದ್ದಿ ತಿಳಿದಾಗ ಕಿವಿಯಣ್ಣ ಮೊದಲು ಮಾಡಿದ ಕೆಲಸ ರಿಜಿಸ್ಟರನ್ನು ತೆರೆದು ನೋಡಿದ್ದು. ಬಾವಮೈದನನ್ನಲ್ಲ, ರಿಜಿಸ್ಟರನ್ನು. ಅಂಕಿ ತನ್ನದೇ ದುಂಡು ಅಕ್ಷರದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು.

ಮೂರನೇ ದಿನ ಸಂಜೆ ನಾಲ್ಕಕ್ಕೆ ಗಂಡ ಹೆಂಡತಿ ವಾರ್ಡಿಗೆ ಹೋದರು. ಆರು ಹಾಸಿಗೆಯ ಕೋಣೆ, ಕಿಟಕಿ ಪಕ್ಕದ್ದು ಅವನದು. ಮುಖದ ಬಲಭಾಗ ಜೋತುಬಿದ್ದಿತ್ತು, ಆ ದೊಡ್ಡ ನಗುವಿನಲ್ಲಿ ಅರ್ಧವೇ ಉಳಿದಿತ್ತು. ದನಿ ನೂಲಿನಷ್ಟು ತೆಳ್ಳಗಾಗಿತ್ತು. ಭಾವನನ್ನು ಕಂಡು ಎಡಗೈಯಿಂದ ಹತ್ತಿರ ಕರೆದು ಏನೋ ಹೇಳಿದ. ಹೇಳಲು ಬಹಳ ಹೊತ್ತು ಹಿಡಿಯಿತು, ಕೊನೆಯಲ್ಲಿ ಕಣ್ಣಲ್ಲಿ ನೀರು ಬಂತು. ತುಟಿ ಓರೆಯಾಗಿದ್ದರಿಂದ ಕಿವಿಯಣ್ಣನಿಗೆ ಓದಲಾಗಲಿಲ್ಲ. ಒಂದಕ್ಷರವೂ ತಿಳಿಯಲಿಲ್ಲ. ಅವನು ಬಾವಮೈದನ ಕೈ ಅದುಮಿ, ತಲೆಯಾಡಿಸಿ, "ಹೂಂ" ಎಂದ. ಬಾವಮೈದ ಕಣ್ಣು ಮುಚ್ಚಿಕೊಂಡು ಮುಖ ಕಿಟಕಿಯತ್ತ ತಿರುಗಿಸಿದ.

ವಾಪಸ್ ಬರುವ ಬಸ್ಸಿನಲ್ಲಿ ಹೆಂಡತಿ ಅವನ ಕಡೆ ತಿರುಗಿದಳು.

"ಅಷ್ಟು ಕಷ್ಟಪಟ್ಟು ಕೇಳಿದ್ದಕ್ಕೆ ಹೂಂ ಅಂದ್ಬಿಟ್ರಲ್ಲ. ಇಲ್ಲ ಕಣೋ ಅನ್ನೋಕಾಗ್ಲಿಲ್ವಾ ನಿಮಗೆ?"

"ಏನು ಕೇಳಿದ?"

ಅವಳು ಅವನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. "ನೀವು ಉಪ್ಪು ಕಮ್ಮಿ ಮಾಡು ಅಂದಿದ್ರಿ, ನಾನು ಮಾಡ್ಲಿಲ್ಲ. ನಿಮ್ಮ ಹೆಸರಿಗೆ ಮಸಿ ಬಳಿದೆ. ತಪ್ಪೆಲ್ಲ ನಂದೇ ಅಲ್ವಾ ಭಾವ ಅಂತ ಕೇಳ್ದ. ನೀವು ಹೂಂ ಅಂದ್ರಿ. ತಲೆ ಬೇರೆ ಆಡಿಸಿದ್ರಿ."

ಕಿಟಕಿಯಾಚೆ ಅಂಗಡಿಗಳು ಸರಿದು ಹೋಗುತ್ತಿದ್ದವು, ಕಿವಿಯಣ್ಣ ಅವುಗಳ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಕೂತ.

"ರೀ. ಇಲ್ಲಿ ನೋಡಿ."

ನೋಡಿದ. ಅವಳು ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದಿದ್ದಳು. ಅದರ ಹಿಂದೆ ಏನೋ ಹೇಳುತ್ತಿದ್ದಳು ಎಂಬುದು ಕೆನ್ನೆಯ ಅಲುಗಾಟದಿಂದ ತಿಳಿಯಿತು. ಅವನ ಬಾಯಿಗೆ ಅಭ್ಯಾಸಬಲದಿಂದ ಹೂಂ ಬಂತು, ಅರ್ಧದಲ್ಲಿ ನುಂಗಿಕೊಂಡ.

ಅವಳು ಕೈ ಇಳಿಸಿದಳು. "ನಾನೇನಂದೆ, ಹೇಳಿ."

ಅವನು ಅವಳ ತುಟಿಯನ್ನೇ ನೋಡುತ್ತ ಕೂತ.

"ಇಷ್ಟಾಗಿದೆ ಅಂತ ನಂಗೊತ್ತಿರ್ಲಿಲ್ಲ" ಎಂದಳು. ಮೊದಲು ಅವಳ ಮುಖದಲ್ಲಿ ಮರುಕ ಇತ್ತು. ಆಮೇಲೆ ಅವಳು ಮುಂದಿನದನ್ನು ಯೋಚಿಸಿದಳು, ಯೋಚಿಸುತ್ತಿರುವುದು ಅವನಿಗೆ ಕಾಣಿಸಿತು. "ಹಾಗಾದ್ರೆ ಅವನ ಬಿಪಿ ಹೇಗೆ ನೋಡಿದ್ರಿ?"

"ಮುಳ್ಳು ನೋಡಿ."

"ಮುಳ್ಳು ಎಷ್ಟು ತೋರಿಸ್ತು?"

ಸುಳ್ಳು ಹೇಳಬಹುದಿತ್ತು. ಒಂದೂವರೆ ವರ್ಷದ ಅಭ್ಯಾಸ. ಆದರೆ ಇವಳಿಗೆ ಹೇಳಲು ನಾಲಿಗೆ ಹೊರಳಲಿಲ್ಲ. "ನೂರ ತೊಂಬತ್ತಾರು."

ಅವಳು ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಇಬ್ಬರ ನಡುವೆ ಇಟ್ಟಳು. "ನಾನು ಎರಡು ಸಲ ಹೇಳ್ದೆ, ಡಾಕ್ಟರ ಹತ್ರ ಹೋಗು ಅಂತ. ಭಾವ ನೋಡಿದಾರೆ ಅಂದ. ನಾನೂ ಸುಮ್ಮನಾದೆ, ಭಾವ ನೋಡಿದಾರೆ ಅಂತ." ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು. ಅದು ಅವರ ಸ್ಟಾಪ್ ಆಗಿರಲಿಲ್ಲ. ಮಿಕ್ಕ ದಾರಿಯನ್ನು ಅವಳು ನಡೆದೇ ಬಂದಳು, ಅವನು ಮನೆಯ ಬಾಗಿಲಲ್ಲಿ ಕಾದು ನಿಂತಿದ್ದರೂ ಅವನನ್ನು ದಾಟಿಕೊಂಡು ಒಳಗೆ ಹೋದಳು.

ಮರುದಿನ ಬೆಳಗ್ಗೆ ಡಿಪೋದಲ್ಲಿ ಮ್ಯಾನೇಜರು ಕಿವಿಯಣ್ಣನ ಕೋಣೆಗೇ ಬಂದರು. ಜೊತೆಗೆ ಡಾಕ್ಟರಮ್ಮ. ಮ್ಯಾನೇಜರ ಕೈಯಲ್ಲಿ ಟೈಪ್ ಮಾಡಿದ ವರದಿ ಇತ್ತು. ಬಾಗಿಲಲ್ಲಿ ಡ್ಯೂಟಿಗೆ ಹೊರಟಿದ್ದ ಏಳೆಂಟು ಡ್ರೈವರುಗಳು ನಿಂತು ಇಣುಕುತ್ತಿದ್ದರು.

"ನಿಮ್ಮ ರಿಜಿಸ್ಟರು ಡಿಪೋದ ಮಾನ ಉಳಿಸ್ತು ನೋಡಿ" ಎಂದರು ಮ್ಯಾನೇಜರು, ಎದುರಿಗೇ ನಿಂತು, ಪ್ರತಿ ಮಾತೂ ತಿಳಿಯುವ ಹಾಗೆ. "ಅಪಘಾತಕ್ಕೆ ಹನ್ನೊಂದು ದಿನ ಮೊದಲು ನೂರ ಮೂವತ್ತೆಂಟು. ಹನ್ನೊಂದು ದಿನದಲ್ಲಿ ಇನ್ನೂರ ಇಪ್ಪತ್ತು ಆಗ್ಬೇಕಾದ್ರೆ ಮನುಷ್ಯ ಏನೋ ಕುಡಿದಿರ್ಬೇಕು, ಇಲ್ಲ ಯಾವುದೋ ಮಾತ್ರೆ ನುಂಗಿರ್ಬೇಕು. ಹಾಗಂತ ಬರೆದಿದ್ದೀನಿ. ನಿಮ್ಮ ಸಂಬಂಧಿ ಅಂತ ಗೊತ್ತು, ಬೇಜಾರು ಮಾಡ್ಕೋಬೇಡಿ. ಕೆಲಸ ಉಳಿಯೋದು ಕಷ್ಟ. ಇಲ್ಲೊಂದು ಸಹಿ ಹಾಕಿ."

ಕಡಲೆಬೀಜ ಬಿಟ್ಟರೆ ಬೇರೆ ಚಟವಿಲ್ಲದ ಮನುಷ್ಯ ಬಾವಮೈದ. ಅರ್ಧ ಮೈ ಸತ್ತಿದ್ದಾಗಲೂ ಎಡಗಾಲಿನಲ್ಲಿ ಬಸ್ಸು ನಿಲ್ಲಿಸಿದವನು ಈಗ ಕುಡುಕನಾಗಿ ಕಾಗದದ ಮೇಲೆ ಕೂತಿದ್ದ. ಕಿವಿಯಣ್ಣ ಪೆನ್ನು ತೆಗೆದುಕೊಂಡ. ತೆಗೆದುಕೊಂಡ ಎಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಪೆನ್ನಿನ ಮುಚ್ಚಳವನ್ನೂ ತೆಗೆದ.

ಅಷ್ಟರಲ್ಲಿ ಡಾಕ್ಟರಮ್ಮ, "ಒಂದ್ನಿಮಿಷ, ಇಲ್ಲಿರೋರ ಬಿಪಿ ನಾನೊಮ್ಮೆ ನೋಡ್ಬಿಡ್ತೀನಿ" ಎಂದು ಬಾಗಿಲಲ್ಲಿದ್ದ ಒಬ್ಬ ಡ್ರೈವರನ್ನು ಕರೆದು ಕೂರಿಸಿದರು. ಅವರ ಸ್ಟೆತಾಸ್ಕೋಪ್ ಕಾರಿನಲ್ಲಿತ್ತು. ಮೇಜಿನ ಮೇಲಿದ್ದ ಕಿವಿಯಣ್ಣನದನ್ನೇ ಎತ್ತಿ ಕಿವಿಗೆ ಹಾಕಿಕೊಂಡು, ತುದಿಯ ಬಿಲ್ಲೆಯನ್ನು ಬೆರಳಿನಿಂದ ತಟ್ಟಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ತಟ್ಟಿದರು.

ಆ ಬಿಲ್ಲೆಗೆ ಎರಡು ಮುಖ, ಒಂದು ಅಗಲದ್ದು, ಒಂದು ಸಣ್ಣದು. ತಿರುಗಿಸಿದರೆ ಒಂದರ ದಾರಿ ತೆರೆದು ಇನ್ನೊಂದರ ದಾರಿ ಮುಚ್ಚುತ್ತದೆ. ಕಿವಿಯಣ್ಣ ದಿನಾ ತೋಳಿಗೆ ಒತ್ತುತ್ತಿದ್ದದ್ದು ಅಗಲದ ಮುಖವನ್ನು, ದಾರಿ ತೆರೆದಿದ್ದದ್ದು ಸಣ್ಣದಕ್ಕೆ. ಯಾವಾಗ ತಿರುಗಿಕೊಂಡಿತ್ತೋ ಅವನಿಗೇ ಗೊತ್ತಿರಲಿಲ್ಲ. ತಿರುಪಿನ ಸಂದಿಯಲ್ಲಿ ಕೊಳೆ ಗಟ್ಟಿಯಾಗಿ ಕೂತಿತ್ತು. ಕೇಳುವ ಕಿವಿ ಇರುವವನು ಅಂಥದ್ದನ್ನು ಒಂದು ನಿಮಿಷವೂ ಬಳಸುವುದಿಲ್ಲ.

ಡಾಕ್ಟರಮ್ಮ ಬಿಲ್ಲೆಯನ್ನು ಹಿಡಿದು ತಿರುಗಿಸಿದರು. ತಿರುಗಿಸಿ ಅವನ ಮುಖ ನೋಡಿದರು. ಆ ನೋಟದಲ್ಲಿ ಅವರಿಗೆ ಎಲ್ಲ ತಿಳಿದುಹೋಯಿತು ಎಂದು ಅವನಿಗೆ ತಿಳಿಯಿತು. ಮೂವತ್ತರ ಆಸುಪಾಸಿನ ಹೆಂಗಸು, ಅವನ ಮಗಳ ವಯಸ್ಸು. ಬೈಯಲಿಲ್ಲ. ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಅವನತ್ತ ಚಾಚಿದರು.

"ತಿರುಗಿಕೊಂಡಿತ್ತು, ಅಷ್ಟೇ ಇರ್ಬಹುದು" ಎಂದರು, ಅವನಿಗೆ ತಿಳಿಯಲೆಂದು ನಿಧಾನವಾಗಿ. "ಈಗ ನೀವೇ ಒಂದ್ಸಲ ನೋಡಿ."

ಅವನ ಎದೆಯಲ್ಲಿ ಒಂದು ಆಸೆ ಚಿಗುರಿತು. ಹೌದಲ್ಲ, ತಿರುಗಿಕೊಂಡಿತ್ತು, ಅಷ್ಟೇ. ಕಿವಿ ಸರಿಯಾಗೇ ಇದ್ದು, ತಪ್ಪು ಈ ತುಂಡು ಲೋಹದ್ದೇ ಆಗಿರಬಹುದು. ಟಿವಿ, ಹೂಂ, ಹೆಂಡತಿಯ ಅಂಗೈ, ಎಲ್ಲವನ್ನೂ ಆ ಗಳಿಗೆಗೆ ಮರೆತ. ಪಟ್ಟಿ ಕಟ್ಟಿ ಗಾಳಿ ತುಂಬಿದ. ಬಿಲ್ಲೆಯನ್ನು ಮೊಣಕೈಯ ಮಡಿಕೆಗೆ ಒತ್ತಿ ಮೆಲ್ಲಗೆ ಇಳಿಸಿದ. ನೂರ ಐವತ್ತರಲ್ಲಿ ಮುಳ್ಳು ಕುಣಿಯಲು ಶುರುಮಾಡಿತು. ನೂರ ನಲವತ್ತು, ನೂರ ಇಪ್ಪತ್ತು, ನೂರು. ಕೆಳಗೆ ಎಂಬತ್ತಕ್ಕೆ ಬಂತು, ಅರವತ್ತಕ್ಕೆ ಬಂತು. ಆ ತೋಳಿನೊಳಗೆ ರಕ್ತ ನುಗ್ಗುತ್ತಿತ್ತು, ಕಣ್ಣಿಗೆ ಕಾಣಿಸುತ್ತಿತ್ತು. ಕಿವಿಯಲ್ಲಿ ಏನೂ ಇರಲಿಲ್ಲ.

ಎಲ್ಲರೂ ನೋಡುತ್ತಿದ್ದರು. "ಎಷ್ಟು ಕಿವಿಯಣ್ಣ?" ಎಂದು ತೋಳು ಕೊಟ್ಟವನು ಕೇಳಿದ.

ನೂರ ನಲವತ್ತು ಅನ್ನಬಹುದಿತ್ತು. ಹತ್ತು ಕಳೆದರೆ ಅಷ್ಟೇ ಬರುತ್ತಿತ್ತು, ಬಹುಶಃ ಸರಿಯೂ ಇರುತ್ತಿತ್ತು.

"ಕೇಳಿಸ್ತಿಲ್ಲ" ಎಂದ.

"ಏನು?" ಎಂದರು ಮ್ಯಾನೇಜರು.

"ನನಗೆ ಕೇಳಿಸಲ್ಲ ಸಾರ್. ಒಂದೂವರೆ ವರ್ಷದಿಂದ ಕೇಳಿಸ್ತಿಲ್ಲ. ರಿಜಿಸ್ಟರಲ್ಲಿರೋದು ಊಹೆ. ಅವತ್ತು ಅವನ ತೋಳಲ್ಲಿ ಮುಳ್ಳು ನೂರ ತೊಂಬತ್ತಾರಕ್ಕೆ ಎಗರ್ತಿತ್ತು. ನಾನು ನೋಡ್ದೆ. ನೋಡಿ ನೂರ ಮೂವತ್ತೆಂಟು ಅಂತ ಬರೆದೆ. ನಾಡಿ ಹಿಡಿದು ಬೆರಳಿಂದಾದ್ರೂ ನೋಡಬಹುದಿತ್ತು. ನೋಡಿದ್ರೆ ನೀವೆಲ್ಲ ನಗ್ತೀರಿ ಅಂತ ನೋಡ್ಲಿಲ್ಲ." ದನಿ ಎಷ್ಟು ಜೋರಾಗಿದೆ ಎಂದು ಅವನಿಗೇ ಗೊತ್ತಾಗುತ್ತಿರಲಿಲ್ಲ. ಅಂಗಳದ ಆಚೆಯಿಂದ ಇನ್ನೂ ನಾಲ್ಕು ಜನ ಬಂದು ನಿಂತರು. "ಅವನು ಕುಡಿಯಲ್ಲ ಸಾರ್. ಆ ಕಾಗದ ಹರಿದು ಹಾಕಿ. ಬೇಕಾದ್ರೆ ನನ್ನ ಹೆಸರು ಬರೀರಿ."

ಯಾರೂ ನಗಲಿಲ್ಲ. ಒಂದೂವರೆ ವರ್ಷ ಆ ನಗುವಿಗೆ ಹೆದರಿದ್ದ, ಈಗ ಒಬ್ಬನಾದರೂ ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡ್ರೈವರುಗಳು ಒಬ್ಬೊಬ್ಬರಾಗಿ ತಮ್ಮ ತೋಳನ್ನೇ ನೋಡಿಕೊಂಡರು. ಹದಿನೆಂಟು ತಿಂಗಳು, ತಿಂಗಳಿಗೊಂದು ಸುಳ್ಳನ್ನು ಅವನು ಆ ತೋಳುಗಳಿಗೆ ಕಟ್ಟಿ ಕಳಿಸಿದ್ದ. ಕುರ್ಚಿಯಲ್ಲಿ ಕೂತಿದ್ದವನು ಪಟ್ಟಿಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟು, ಡಾಕ್ಟರಮ್ಮನ ಕಡೆಗೆ ತಿರುಗಿ ಕೂತ. ಅವತ್ತು ಸಂಜೆಯೊಳಗೆ ಅವರು ನಲವತ್ತೊಂದು ಜನರನ್ನೂ ನೋಡಿದರು. ಆರು ಜನ ಡ್ಯೂಟಿಯಿಂದ ಇಳಿದರು. ಮ್ಯಾನೇಜರು ವರದಿ ಹರಿದರು, ಇನ್ನೊಂದು ಬರೆಸಿದರು. ಅದಕ್ಕೆ ಕಿವಿಯಣ್ಣ ಸಹಿ ಹಾಕಿ, ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದ.

ಅಲ್ಲಿಗೆ ಮುಗಿಯಲಿಲ್ಲ. ಡಿಪೋದಲ್ಲಿ ಹೇಳಿದ್ದು ಸುಲಭದ್ದು ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಅವನಿಗೆ ತಿಳಿಯಿತು. ಅಲ್ಲಿ ಅವನು ಬರೀ ಕಾಂಪೌಂಡರ್. ಇಲ್ಲಿ ಭಾವ.

ಹೆಂಡತಿ ಮೊದಲೇ ಬಂದು ಹಾಸಿಗೆಯ ಕಾಲಬದಿಯಲ್ಲಿ ನಿಂತು ತಮ್ಮನ ಪಾದ ಒತ್ತುತ್ತಿದ್ದಳು. ಗಂಡನನ್ನು ಕಂಡು ಮಾತಾಡಿಸಲಿಲ್ಲ. ಅವನು ಸ್ಟೂಲ್ ಎಳೆದುಕೊಂಡು ಕೂತು, ಬಾವಮೈದನ ಎಡಗೈ ಹಿಡಿದುಕೊಂಡ. ಬೆರಳುಗಳು ತಾವಾಗಿ ಮಣಿಕಟ್ಟಿಗೆ ಹೋದವು. ನಾಡಿ ಅಲ್ಲಿತ್ತು, ಸ್ಪಷ್ಟವಾಗಿ, ಸಮವಾಗಿ ಬಡಿಯುತ್ತಿತ್ತು. ಯಾವ ಕಿವಿಯೂ ಬೇಕಾಗಿರಲಿಲ್ಲ.

"ತಪ್ಪು ನಿಂದಲ್ಲ" ಎಂದ. "ನಿನ್ನೆ ನೀನು ಕೇಳಿದ್ದು ನನಗೆ ಕೇಳಿಸಲೇ ಇಲ್ಲ. ಕೇಳಿಸದೆ ಹೂಂ ಅಂದೆ. ಅವತ್ತೂ ಹಾಗೇ. ನನಗೆ ಸದ್ದು ಕೇಳಿಸ್ತಿರ್ಲಿಲ್ಲ. ಮುಳ್ಳು ನೂರ ತೊಂಬತ್ತಾರು ಅಂತ ಹೇಳ್ತು. ನಾನು ನಿಂಗೆ ಸರಿ ಇದೆ ಅಂದೆ. ಮರ್ಯಾದೆ ಹೋಗುತ್ತೆ ಅಂತ. ಕಡಲೆಬೀಜದಿಂದ ಆದದ್ದಲ್ಲ, ನನ್ನಿಂದ ಆದದ್ದು."

ಬಾವಮೈದ ಅವನನ್ನೇ ನೋಡುತ್ತಿದ್ದ. ಆಮೇಲೆ ಓರೆಯಾದ ತುಟಿ ಅಲುಗಿತು, ಏನೋ ಹೇಳಿದ. ಸ್ವಲ್ಪವೇ ಮಾತು.

ಕಿವಿಯಣ್ಣನಿಗೆ ತಿಳಿಯಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳಿಗೆ ಕೇಳಿಸಿತ್ತು, ಪಾದ ಒತ್ತುತ್ತಿದ್ದ ಕೈ ನಿಂತಿತ್ತು. ಆದರೆ ಅವಳು ಹೇಳಿಕೊಡಲಿಲ್ಲ.

ಕ್ಷಮಿಸಿದೆ ಅಂದಿರಬಹುದು. ಹೋಗಲಿ ಬಿಡಿ ಭಾವ ಅಂದಿರಬಹುದು. ಅವನ ಸ್ವಭಾವ ಅಂಥದ್ದೇ. ಒಂದು ಹೂಂ ಅಂದು, ಕೈ ಅದುಮಿ, ಅದನ್ನೇ ನಂಬಿಕೊಂಡು ಎದ್ದು ಹೋಗಬಹುದಿತ್ತು. ಹೂಂ ಗಂಟಲ ತನಕ ಬಂದಿತ್ತು.

"ಕೇಳಿಸಲಿಲ್ಲ" ಎಂದ ಕಿವಿಯಣ್ಣ. "ಇನ್ನೊಂದ್ಸಲ ಹೇಳು."

ಬಾವಮೈದ ಇನ್ನೊಮ್ಮೆ ಹೇಳಿದ. ಆಗಲೂ ತಿಳಿಯಲಿಲ್ಲ. ಪಕ್ಕದ ಹಾಸಿಗೆಯವರು ಇತ್ತ ತಿರುಗಿ ನೋಡಿದರು. ಕಿವಿಯಣ್ಣ ಸ್ಟೂಲಿನಿಂದ ಎದ್ದು, ಬಗ್ಗಿ, ತನ್ನ ಕಿವಿಯನ್ನು ಬಾವಮೈದನ ಬಾಯಿಗೆ ತಾಗುವಷ್ಟು ಹತ್ತಿರ ತಂದ. ಉಸಿರು ಬಿಸಿಯಾಗಿ ಕಿವಿಗೆ ತಗಲಿತು.

"ಮತ್ತೊಂದ್ಸಲ ಹೇಳಪ್ಪಾ. ನಿಧಾನವಾಗಿ ಹೇಳು."

ಬಾವಮೈದ ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಟ್ಟ ಹಾಗೆ ಹೇಳಿದ.

"ಬಸ್ಸಲ್ಲಿ ಐವತ್ತಮೂರು ಜನ ಇದ್ರು ಭಾವ."

ಕಿವಿಯಣ್ಣ ಬಗ್ಗಿಯೇ ಇದ್ದ. ತಲೆ ಎತ್ತಲು ಆಗಲಿಲ್ಲ.

"ಕೇಳಿಸ್ತು" ಎಂದ.